ಭಾರತ–ಪಾಕ್ ಸರಣಿ ಯಾಕೆ ನಡೀತಿಲ್ಲ? ಕೊನೆ ಟೆಸ್ಟ್ ನಡೆದಿದ್ದು ನಮ್ಮ ಬೆಂಗಳೂರಲ್ಲೇ!

ಗುಂಡ್ಲುಪೇಟೆ: ಭಾರತ–ಪಾಕಿಸ್ತಾನ ಮ್ಯಾಚ್ ಇದ್ದ ದಿನ ನಮ್ಮೂರಲ್ಲಿ ಅದು ಗೊತ್ತಾಗದೇ ಇರೋದಿಲ್ಲ. ಟೀ ಅಂಗಡಿಯ ಟಿವಿ ಮುಂದೆ ಜನ, ಮೊಬೈಲ್ ಅಂಗಡಿ ಮುಂದೆ ಜನ. ಬಂಡೀಪುರ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್ ಇರೋದರಿಂದ ಕೇರಳ, ಊಟಿ ಕಡೆ ಹೋಗಬೇಕಾದ ಲಾರಿಗಳು ಈ ಕಡೆಯೇ ನಿಂತಿರುತ್ತವೆ. ಡ್ರೈವರ್‌ಗಳು ಕ್ಯಾಬಿನ್‌ನಲ್ಲೇ ಕೂತು ಮೊಬೈಲ್‌ನಲ್ಲಿ ಮ್ಯಾಚ್ ನೋಡ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ನಡೆದಾಗ ಇಂಥದ್ದೇ ಒಂದು ಟೀ ಅಂಗಡಿ ಮುಂದೆ ಪಿಯುಸಿ ಓದೋ ಹುಡುಗನೊಬ್ಬ ಕೇಳಿದ: "ಅಣ್ಣ, ಇವ್ರಿಬ್ರೂ ಬರೀ ಕಪ್‌ನಲ್ಲೇ ಆಡ್ತಾರಲ್ಲ, ಆಸ್ಟ್ರೇಲಿಯಾ ಥರ ಟೆಸ್ಟ್ ಸರಣಿ ಯಾಕ್ ಆಡಕಿಲ್ಲ?" ಪಕ್ಕದಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಹುಡುಗನದ್ದು ತಪ್ಪಿಲ್ಲ. ಅವನು ಬುದ್ಧಿ ಬಂದಮೇಲೆ ಈ ಎರಡು ತಂಡಗಳ ಒಂದು ಸರಣಿಯನ್ನೂ ನೋಡಿಲ್ಲ. ಅದಕ್ಕೇ ಈ ವಿವರ.

ಸರಣಿ ಬೇರೆ, ಟೂರ್ನಿ ಬೇರೆ

ವಿಶ್ವಕಪ್, ಚಾಂಪಿಯನ್ಸ್ ಟ್ರೋಫಿ ನಡೆಸೋದು ಐಸಿಸಿ. ಏಷ್ಯಾ ಕಪ್ ನಡೆಸೋದು ಏಷ್ಯನ್ ಕ್ರಿಕೆಟ್ ಕೌನ್ಸಿಲ್. ಅಲ್ಲಿ ಹತ್ತಾರು ದೇಶಗಳು ಇರುತ್ತವೆ, ಎದುರಿಗೆ ಯಾರು ಬಂದರೂ ಆಡಬೇಕು. ದ್ವಿಪಕ್ಷೀಯ ಸರಣಿ ಅಂದ್ರೆ ಎರಡೇ ದೇಶಗಳ ಮಂಡಳಿಗಳು ಕೂತು ಮಾತಾಡಿ, ಒಬ್ಬರು ಇನ್ನೊಬ್ಬರ ಊರಿಗೆ ಹೋಗಿ ಆಡೋದು. ಮದುವೆ ಮನೆಯಲ್ಲಿ ಎದುರಾಗೋದಕ್ಕೂ, ಮನೆಗೆ ಕರೆದು ಊಟ ಹಾಕೋದಕ್ಕೂ ಇರೋ ವ್ಯತ್ಯಾಸದ ಹಾಗೆ. ಭಾರತ–ಪಾಕ್ ನಡುವೆ ಈಗ ಉಳಿದಿರೋದು ಮೊದಲನೆಯದು ಮಾತ್ರ.

ನಿಂತಿದ್ದು ಇದೇ ಮೊದಲಲ್ಲ

ಮೊದಲ ಸರಣಿ ನಡೆದಿದ್ದು 1952ರಲ್ಲಿ, ಭಾರತದಲ್ಲಿ. ನಮ್ಮ ನಾಯಕ ಲಾಲಾ ಅಮರನಾಥ್, ಅವರ ನಾಯಕ ಅಬ್ದುಲ್ ಹಫೀಜ್ ಕಾರ್ದಾರ್. ಈ ಕಾರ್ದಾರ್ ದೇಶ ವಿಭಜನೆಗೆ ಮೊದಲು ಭಾರತದ ಪರವಾಗಿಯೇ ಟೆಸ್ಟ್ ಆಡಿದ್ದವರು. ಸರಣಿ ಭಾರತಕ್ಕೆ 2–1.

ಆಮೇಲೆ ಎರಡೂ ಕಡೆ ಸೋಲಿನ ಭಯ ಎಷ್ಟಿತ್ತು ಅಂದ್ರೆ 1954–55ರ ಐದು ಟೆಸ್ಟ್, 1960–61ರ ಐದು ಟೆಸ್ಟ್ ಎಲ್ಲವೂ ಡ್ರಾ. ನಂತರ 1965 ಮತ್ತು 1971ರ ಯುದ್ಧಗಳು. ಹದಿನೇಳು ವರ್ಷ ಒಂದೂ ಟೆಸ್ಟ್ ನಡೆಯಲಿಲ್ಲ. ಮತ್ತೆ ಶುರುವಾಗಿದ್ದು 1978ರಲ್ಲಿ, ಪಾಕಿಸ್ತಾನದ ಫೈಸಲಾಬಾದ್‌ನಲ್ಲಿ. ಆ ಪಂದ್ಯದಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ 145 ರನ್ ಹೊಡೆದರು.

ಒಟ್ಟು ಲೆಕ್ಕ ಹೇಳೋದಾದ್ರೆ ಎರಡೂ ದೇಶ ಆಡಿರೋದು 59 ಟೆಸ್ಟ್. ಪಾಕಿಸ್ತಾನ ಗೆದ್ದಿದ್ದು 12, ಭಾರತ 9, ಉಳಿದ 38 ಡ್ರಾ.

ಚಿನ್ನಸ್ವಾಮಿ ಕ್ರೀಡಾಂಗಣದ ಪಾಲು

ನಮ್ಮಿಂದ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿರೋ ಬೆಂಗಳೂರಿನ ಮೈದಾನ ಈ ಕತೆಯಲ್ಲಿ ಮತ್ತೆ ಮತ್ತೆ ಬರುತ್ತೆ.

1979: ಇಲ್ಲಿ ಎರಡೂ ತಂಡಗಳ ಮೊದಲ ಟೆಸ್ಟ್. ರೋಜರ್ ಬಿನ್ನಿ ಟೆಸ್ಟ್‌ಗೆ ಕಾಲಿಟ್ಟಿದ್ದು ಇದೇ ಪಂದ್ಯದಲ್ಲಿ. ಅವರೇ ಮುಂದೆ ಬಿಸಿಸಿಐ ಅಧ್ಯಕ್ಷರಾದರು.

1987: ಸುನಿಲ್ ಗಾವಸ್ಕರ್ ಅವರ ಕೊನೆ ಟೆಸ್ಟ್. ಮಣಿಂದರ್ ಸಿಂಗ್ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಮುಗಿಸಿದ್ದರು. ಗೆಲ್ಲೋಕೆ 221 ಬೇಕಿತ್ತು. ಚೆಂಡು ಬುಗುರಿ ಥರ ತಿರುಗೋ ಪಿಚ್‌ನಲ್ಲಿ ಗಾವಸ್ಕರ್ 96ಕ್ಕೆ ಔಟ್. ಭಾರತ 16 ರನ್‌ನಿಂದ ಸೋತಿತು. ಪಾಕಿಸ್ತಾನ ಭಾರತದಲ್ಲಿ ಮೊದಲ ಸಲ ಟೆಸ್ಟ್ ಸರಣಿ ಗೆದ್ದಿದ್ದು ಆವಾಗಲೇ.

1996: ಇದು ಸರಣಿ ಅಲ್ಲ, ವಿಶ್ವಕಪ್ ಕ್ವಾರ್ಟರ್ ಫೈನಲ್. ಮಾರ್ಚ್ 9ರ ರಾತ್ರಿ. ಆಗಿನ್ನೂ ಚಾಮರಾಜನಗರ ಪ್ರತ್ಯೇಕ ಜಿಲ್ಲೆ ಆಗಿರಲಿಲ್ಲ, ಮೈಸೂರು ಜಿಲ್ಲೆಯಲ್ಲೇ ಇತ್ತು. ಅಮೀರ್ ಸೊಹೈಲ್ ಬೌಂಡರಿ ಹೊಡೆದು, ಬ್ಯಾಟ್ ತೋರಿಸಿ ಕೆಣಕಿದ್ದು, ಮುಂದಿನ ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಸ್ಟಂಪ್ ಹಾರಿಸಿದ್ದು ಇಲ್ಲೇ. ಭಾರತಕ್ಕೆ 39 ರನ್ ಜಯ. ಪ್ರಸಾದ್‌ಗೆ 3, ಕುಂಬ್ಳೆಗೆ 3 ವಿಕೆಟ್.

2005: ಯೂನಿಸ್ ಖಾನ್ 267, ನೂರನೇ ಟೆಸ್ಟ್ ಆಡಿದ ಇಂಜಮಾಮ್ 184. ಸೆಹ್ವಾಗ್ 201 ಹೊಡೆದರೂ ಪಾಕಿಸ್ತಾನ 168 ರನ್‌ನಿಂದ ಗೆದ್ದು ಸರಣಿ 1–1 ಮಾಡಿಕೊಂಡಿತು.

2007: ಡಿಸೆಂಬರ್ 8ರಿಂದ 12. ನಾಯಕ ಅನಿಲ್ ಕುಂಬ್ಳೆ. ಗಂಗೂಲಿ 239, ಯುವರಾಜ್ 169, ಇರ್ಫಾನ್ ಪಠಾಣ್ 102. ಕೊನೆ ದಿನ ಕುಂಬ್ಳೆ 5 ವಿಕೆಟ್ ಕಿತ್ತರು, ಪಾಕಿಸ್ತಾನ 7 ವಿಕೆಟ್ ಕಳೆದುಕೊಂಡು ಹೇಗೋ ಡ್ರಾ ಮಾಡಿಕೊಂಡಿತು. ಮೂರು ಪಂದ್ಯಗಳ ಸರಣಿ ಭಾರತಕ್ಕೆ 1–0.

ಅದಾದ ಮೇಲೆ ಎರಡೂ ದೇಶಗಳು ಟೆಸ್ಟ್ ಆಡಿಲ್ಲ. ಅಂದ್ರೆ ಕೊನೆಯ ಭಾರತ–ಪಾಕ್ ಟೆಸ್ಟ್ ಬೆಂಗಳೂರಲ್ಲಿ, ಕನ್ನಡಿಗನ ನಾಯಕತ್ವದಲ್ಲಿ ನಡೆದಿದ್ದು.

1999: ಮೂರು ಊರು, ಮೂವರು ಕನ್ನಡಿಗರು

ಆ ವರ್ಷ ಜನವರಿ–ಫೆಬ್ರವರಿಯಲ್ಲಿ ಪಾಕಿಸ್ತಾನ ಇಲ್ಲಿಗೆ ಬಂದಿತ್ತು. ಪಂದ್ಯ ನಡೀಬಾರದು ಅಂತ ದೆಹಲಿಯ ಕೋಟ್ಲಾ ಪಿಚ್ ಅಗೆದುಹಾಕಿದ್ದರು. ಆದರೂ ಸರಣಿ ನಡೀತು.

ಚೆನ್ನೈನಲ್ಲಿ ಪ್ರಸಾದ್ ಎರಡನೇ ಇನಿಂಗ್ಸ್‌ನಲ್ಲಿ 33 ರನ್ ಕೊಟ್ಟು 6 ವಿಕೆಟ್ ತೆಗೆದರು. ಸಚಿನ್ 136 ಹೊಡೆದರೂ ಭಾರತ 12 ರನ್‌ನಿಂದ ಸೋತಿತು. ದೆಹಲಿಯಲ್ಲಿ ಕುಂಬ್ಳೆ 74 ರನ್‌ಗೆ ಹತ್ತಕ್ಕೆ ಹತ್ತು. ಒಂಬತ್ತು ಬಿದ್ದಮೇಲೆ ಹತ್ತನೆಯದು ಕುಂಬ್ಳೆಗೇ ಸಿಗಲಿ ಅಂತ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಸ್ಟಂಪ್‌ನಿಂದ ದೂರ ದೂರ ಬೌಲ್ ಮಾಡಿದರು. ಆ ಶ್ರೀನಾಥ್ ಅದೇ ತಿಂಗಳು ಕೋಲ್ಕತ್ತಾದಲ್ಲಿ, ಏಷ್ಯನ್ ಟೆಸ್ಟ್ ಚಾಂಪಿಯನ್‌ಶಿಪ್ ಪಂದ್ಯದಲ್ಲಿ 132 ರನ್‌ಗೆ 13 ವಿಕೆಟ್ ಕಿತ್ತರು. ಭಾರತ ಸೋತಿದ್ದರಿಂದ ಅದು ಅಷ್ಟಾಗಿ ಯಾರ ಬಾಯಲ್ಲೂ ಬರೋದಿಲ್ಲ.

ಚೆನ್ನೈನಲ್ಲಿ ಗೆದ್ದ ಪಾಕಿಸ್ತಾನ ತಂಡ ಮೈದಾನ ಸುತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಇವತ್ತು ಇದನ್ನು ಹೇಳಿದರೆ ಹುಡುಗರು ನಂಬೋದಿಲ್ಲ.

2004ರಲ್ಲಿ ಭಾರತ ಅಲ್ಲಿಗೆ ಹೋಗಿ ಮೊದಲ ಬಾರಿಗೆ ಪಾಕ್ ನೆಲದಲ್ಲಿ ಟೆಸ್ಟ್ ಸರಣಿ ಗೆದ್ದಿತು. ರಾವಲ್ಪಿಂಡಿಯ ನಿರ್ಣಾಯಕ ಪಂದ್ಯದಲ್ಲಿ ರಾಹುಲ್ ದ್ರಾವಿಡ್ 270.

ಮತ್ತೆ ನಿಂತಿದ್ದು ಹೇಗೆ?

2008ರ ನವೆಂಬರ್ 26ರ ಮುಂಬೈ ದಾಳಿ. ಪಾಕಿಸ್ತಾನಕ್ಕೆ ಹೊರಡಬೇಕಿದ್ದ ಭಾರತದ ಪ್ರವಾಸ ರದ್ದಾಯಿತು. ಬದಲಿಗೆ ಅಲ್ಲಿಗೆ ಹೋದ ಶ್ರೀಲಂಕಾ ತಂಡದ ಬಸ್ ಮೇಲೆ 2009ರ ಮಾರ್ಚ್ 3ರಂದು ಲಾಹೋರ್‌ನಲ್ಲಿ ಉಗ್ರರ ದಾಳಿ ಆಯ್ತು.

ನಡುವೆ ಒಂದೇ ಒಂದು ಸಣ್ಣ ಸರಣಿ ನಡೀತು. 2012ರ ಡಿಸೆಂಬರ್ 25ರಿಂದ 2013ರ ಜನವರಿ 6ರವರೆಗೆ, ಎರಡು ಟಿ20, ಮೂರು ಏಕದಿನ. ಮೊದಲ ಪಂದ್ಯ ಮತ್ತೆ ಬೆಂಗಳೂರಲ್ಲೇ. ಆಗ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರು ಕುಂಬ್ಳೆ, ಕಾರ್ಯದರ್ಶಿ ಶ್ರೀನಾಥ್. ಭುವನೇಶ್ವರ್ ಕುಮಾರ್ ಮೊದಲ ಪಂದ್ಯದಲ್ಲೇ 9 ರನ್‌ಗೆ 3 ವಿಕೆಟ್ ತೆಗೆದರು. ಆದರೂ ಪಾಕಿಸ್ತಾನ ಎರಡು ಎಸೆತ ಬಾಕಿ ಇರುವಾಗ ಗೆದ್ದಿತು. ಟಿ20 ಸರಣಿ 1–1, ಏಕದಿನ ಸರಣಿ ಪಾಕಿಸ್ತಾನಕ್ಕೆ 2–1. ಅದೇ ಕೊನೆ.

ತೀರ್ಮಾನ ಯಾರದ್ದು?

ತುಂಬಾ ಜನ ಬಿಸಿಸಿಐ ಮನಸ್ಸು ಮಾಡಿದರೆ ಸಾಕು ಅಂದುಕೊಂಡಿದ್ದಾರೆ. ಪಾಕಿಸ್ತಾನದ ಜೊತೆ ಸರಣಿ ಆಡಬೇಕಂದ್ರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕೇ ಬೇಕು. 2015ರಿಂದ 2023ರ ನಡುವೆ ಆರು ಸರಣಿ ಆಡ್ತೀವಿ ಅಂತ 2014ರಲ್ಲಿ ಒಪ್ಪಂದ ಆಗಿತ್ತು, ಆಡದೆ ನಮಗೆ ನಷ್ಟ ಆಗಿದೆ ಅಂತ ಪಾಕ್ ಮಂಡಳಿ ಪರಿಹಾರ ಕೇಳಿತು. ಐಸಿಸಿಯ ವಿವಾದ ಸಮಿತಿ 2018ರ ನವೆಂಬರ್‌ನಲ್ಲಿ ಆ ದೂರನ್ನು ತಳ್ಳಿಹಾಕಿತು.

2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿ ನಂತರ ಕೇಂದ್ರ ಕ್ರೀಡಾ ಸಚಿವಾಲಯ ಆಗಸ್ಟ್‌ನಲ್ಲಿ ನೀತಿಯನ್ನು ಬರವಣಿಗೆಯಲ್ಲೇ ಹೇಳಿತು: ದ್ವಿಪಕ್ಷೀಯ ಸರಣಿ ಇಲ್ಲ, ಬಹುರಾಷ್ಟ್ರ ಟೂರ್ನಿಯಲ್ಲಿ ಆಡಬಹುದು. ಏಷ್ಯಾ ಕಪ್‌ನಲ್ಲಿ ಮೂರು ಸಲ ಎದುರಾದರೂ ಆಟಗಾರರು ಕೈ ಕುಲುಕಲಿಲ್ಲ. ಫೈನಲ್ ಗೆದ್ದ ಭಾರತ ತಂಡ, ಪಾಕ್ ಮಂಡಳಿಯ ಅಧ್ಯಕ್ಷರೂ ಆಗಿರುವ ಏಷ್ಯನ್ ಕೌನ್ಸಿಲ್ ಮುಖ್ಯಸ್ಥರ ಕೈಯಿಂದ ಕಪ್ ತಗೊಳ್ಳಲಿಲ್ಲ.

ಹಾಗಾದ್ರೆ ಟೂರ್ನಿಯಲ್ಲಿ ಯಾಕೆ ಆಡ್ತಾರೆ? ಆಡದಿದ್ದರೆ ಪಾಯಿಂಟ್ ಎದುರಾಳಿಗೆ ಹೋಗುತ್ತೆ. ಇನ್ನೊಂದು ದುಡ್ಡು. ಟಿವಿ ಹಕ್ಕು ಕೊಂಡವರಿಗೆ ಜಾಹೀರಾತು ಹೆಚ್ಚು ಬರೋದು ಈ ಪಂದ್ಯದಿಂದಲೇ. ಅದಕ್ಕೇ ಟೂರ್ನಿಗಳಲ್ಲಿ ಇಬ್ಬರೂ ಲೀಗ್ ಹಂತದಲ್ಲೇ ಎದುರಾಗೋ ಹಾಗೆ ಪಟ್ಟಿ ಮಾಡ್ತಾರೆ. 2027ರವರೆಗೆ ಐಸಿಸಿ ಟೂರ್ನಿಗಳಲ್ಲಿ ಒಬ್ಬರು ಇನ್ನೊಬ್ಬರ ದೇಶಕ್ಕೆ ಹೋಗದೆ ಬೇರೆ ಜಾಗದಲ್ಲಿ ಆಡೋ ವ್ಯವಸ್ಥೆಗೆ ಒಪ್ಪಿಕೊಂಡಿದ್ದಾರೆ. 2025ರ ಚಾಂಪಿಯನ್ಸ್ ಟ್ರೋಫಿ ಪಾಕಿಸ್ತಾನದ್ದಾದರೂ ಭಾರತ ದುಬೈನಲ್ಲಿ ಆಡಿದ್ದು ಹೀಗೆ.

ನಮ್ಮೂರಲ್ಲಿ ಏನಾಗುತ್ತೆ?

ಸರಣಿ ಇದ್ದಾಗ ಇವತ್ತು ಸೋತರೆ ನಾಳಿದ್ದು ಇನ್ನೊಂದು ಪಂದ್ಯ ಅನ್ನೋ ಸಮಾಧಾನ ಇರ್ತಿತ್ತು. ಈಗ ವರ್ಷಕ್ಕೆ ಬೆರಳೆಣಿಕೆಯಷ್ಟು ಪಂದ್ಯ. ಹಾಗಾಗಿ ಎಲ್ಲ ಸಿಟ್ಟು, ಎಲ್ಲ ಬಾಜಿ ಅದೊಂದೇ ರಾತ್ರಿ ಮೇಲೆ. ಚೆಂಡು ಹೂ ಮಾರಿದ ದುಡ್ಡನ್ನ ಮೊಬೈಲ್ ಬೆಟ್ಟಿಂಗ್‌ನಲ್ಲಿ ಕಳೆದುಕೊಂಡು ಮನೆಗೆ ಹೇಳಲಾಗದೆ ಒದ್ದಾಡಿದವರನ್ನ ನಾನೇ ನೋಡಿದ್ದೀನಿ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ. ಲಿಂಕ್ ಕಳಿಸಿದರೆ ಒತ್ತಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು. 2012ರ ಆ ಬೆಂಗಳೂರು ಪಂದ್ಯದ ರಾತ್ರಿ ನಾವು ಬೀದಿ ಹುಡುಗರೆಲ್ಲ ಒಂದೇ ಮನೆಯಲ್ಲಿ ಕೂತು ನೋಡಿದ್ವಿ. ಕೊನೆ ಓವರ್‌ನಲ್ಲಿ ಸೋತಾಗ ನಮ್ಮ ಟೆನಿಸ್ ಬಾಲ್ ಟೀಮಿನ ಕೀಪರ್ ಅತ್ತೇಬಿಟ್ಟ. ಮಾರನೇ ದಿನ ಮೈದಾನದಲ್ಲಿ ದೊಡ್ಡವರೊಬ್ಬರು ಅವನನ್ನೇ ಕರೆದು, "ಏನ್ಲಾ, ನಿಮ್ಮೋರು ಗೆದ್ರು, ಖುಸಿ ಆಯ್ತಾ?" ಅಂದ್ರು. ಅವನ ಹೆಸರು ನೋಡಿ ಕೇಳಿದ್ದು ಅದು. ನಾವ್ಯಾರೂ ಬಾಯಿ ಬಿಡಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತೆ.

1979ರಲ್ಲಿ ಇದೇ ಬೆಂಗಳೂರಿನಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ವಿಕೆಟ್ ಹಿಂದೆ ನಿಂತಿದ್ದವರು ಕರ್ನಾಟಕದ ಸಯ್ಯದ್ ಕಿರ್ಮಾನಿ. 2007ರಲ್ಲಿ ಶತಕ ಹೊಡೆದವರಲ್ಲಿ ಒಬ್ಬರು ಇರ್ಫಾನ್ ಪಠಾಣ್. ಆ ದೊಡ್ಡವರಿಗೆ ಇಷ್ಟು ಹೇಳೋಕೆ ಆಗ ನನಗೆ ಗೊತ್ತಿರಲಿಲ್ಲ.

ಸರಣಿ ಮತ್ತೆ ಶುರುವಾಗುತ್ತಾ ಅಂತ ಆ ಪಿಯುಸಿ ಹುಡುಗ ಕೊನೆಗೆ ಕೇಳಿದ. ಹದಿನೇಳು ವರ್ಷ ನಿಂತಿದ್ದೂ ಒಮ್ಮೆ ಶುರುವಾಗಿತ್ತು, ಅದು ದೆಹಲಿಯಲ್ಲಿ ತೀರ್ಮಾನ ಆಗಬೇಕಾದ್ದು ಅಂದೆ. ಮುಂದಿನ ಮ್ಯಾಚ್ ದಿನ ಪಕ್ಕದಲ್ಲಿ ಕೂತವನನ್ನ ನೀನು ಯಾರ ಕಡೆ ಅಂತ ಕೇಳದೇ ಇರೋದು ಮಾತ್ರ ನಮ್ಮೂರಲ್ಲೇ ತೀರ್ಮಾನ ಆಗುತ್ತೆ. ನಮ್ಮ ಕೀಪರ್ ಈಗಲೂ ನಮ್ಮ ಟೀಮಿಗೇ ಆಡ್ತಾನೆ. ಮ್ಯಾಚ್ ಇದ್ದ ದಿನ ಮಾತ್ರ ಟೀ ಅಂಗಡಿ ಕಡೆ ಬರೋದಿಲ್ಲ, ಮನೆಯಲ್ಲೇ ನೋಡ್ತಾನೆ.