ಫೌಲ್‌ಗೆ ಹೆದರಿದರೆ ಒಂದಡಿ ನಷ್ಟ

ಭಾಲ್ಕಿ, ಔರಾದ್ ತಾಲ್ಲೂಕು ಕ್ರೀಡಾಕೂಟಗಳಲ್ಲಿ ಗೆದ್ದ ಮಕ್ಕಳು ಬೀದರಿನ ಜಿಲ್ಲಾ ಕೂಟಕ್ಕೆ ಬರುತ್ತಾರೆ. ಅಲ್ಲೂ ಗೆದ್ದರೆ ಕಲಬುರಗಿ ವಿಭಾಗ. ಮೇಲೇರಿದಷ್ಟೂ ‘ಒಂದೂ ತಪ್ಪು ಮಾಡಬ್ಯಾಡ’ ಎಂಬ ಬುದ್ಧಿಮಾತು ಜೋರಾಗುತ್ತದೆ. ಹೇಳುವವರ ಅಕ್ಕರೆ ಖರೆ, ಅದರ ಹಿಂದಿನ ನಂಬಿಕೆಗಳು ಖರೆಯಲ್ಲ.

ತಪ್ಪು ಕಲ್ಪನೆ: ತಪ್ಪೇ ಮಾಡದವರು ಗೆಲ್ಲುತ್ತಾರೆ.

ವಾಸ್ತವ: ಉದ್ದ ಜಿಗಿತವನ್ನೇ ನೋಡಿ. ಗೆರೆ ದಾಟಿ ಫೌಲ್ ಆದೀತೆಂದು ಹುಡುಗಿ ಕೊನೆಯ ಹೆಜ್ಜೆಗಳಲ್ಲಿ ತಲೆ ಬಗ್ಗಿಸಿ ಹಲಗೆ ಹುಡುಕುತ್ತಾಳೆ, ಓಟ ನಿಧಾನವಾಗುತ್ತದೆ, ಹಲಗೆಗೆ ಒಂದಡಿ ಮೊದಲೇ ಹಾರಿಬಿಡುತ್ತಾಳೆ. ಫೌಲ್ ಇಲ್ಲವೆಂದು ಬಿಳಿ ಬಾವುಟ ಏಳುತ್ತದೆ. ಆದರೆ ಟೇಪು ಹಿಡಿಯುವುದು ಹಲಗೆಯ ಗೆರೆಯಿಂದ, ಕಾಲು ಎದ್ದ ಜಾಗದಿಂದಲ್ಲ. ಆ ಒಂದಡಿ ಯಾರ ಲೆಕ್ಕಕ್ಕೂ ಸಿಗದು, ವೇಗವೂ ಹೋಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್ ಜಾವೆಲಿನ್ ಫೈನಲ್‌ನಲ್ಲಿ ನೀರಜ್ ಚೋಪ್ರಾ ಅವರ ಆರು ಎಸೆತಗಳಲ್ಲಿ ಐದು ಫೌಲ್. ಉಳಿದೊಂದು 89.45 ಮೀಟರ್; ಅದಕ್ಕೇ ಬೆಳ್ಳಿ ಬಂತು.

ತಪ್ಪು ಕಲ್ಪನೆ: ಹಾಗಾದರೆ ಪರಿಪೂರ್ಣತೆಯ ಹಂಬಲವೇ ಕೆಟ್ಟದ್ದು.

ವಾಸ್ತವ: ಅಲ್ಲ. ಕ್ರೀಡಾ ಮನೋವಿಜ್ಞಾನಿಗಳು ಇದರಲ್ಲಿ ಎರಡು ಎಳೆ ಬಿಡಿಸುತ್ತಾರೆ. ತನಗೆ ತಾನೇ ದೊಡ್ಡ ಗುರಿ ಇಟ್ಟುಕೊಳ್ಳುವುದು ಒಂದು, ತಪ್ಪಾದರೆ ನಾಲ್ಕು ಜನ ಏನೆಂದಾರು ಎಂದು ಕೊರಗುವುದು ಇನ್ನೊಂದು. ಮೊದಲನೆಯದು ಒಳ್ಳೆಯ ಸಾಧನೆಗೆ ಅಷ್ಟಿಷ್ಟು ಜೊತೆಯಾಗುತ್ತದೆ. ಎರಡನೆಯದರ ಬೆನ್ನಿಗೆ ಆತಂಕ, ದಣಿವು, ಆಟವೇ ಬೇಡ ಎನ್ನುವಷ್ಟು ಬೇಸರ ಬರುತ್ತವೆ. ಇವೆರಡನ್ನು ಬೇರ್ಪಡಿಸಿ ನೋಡದಿದ್ದರೆ ಮಕ್ಕಳಿಗೆ ಅನ್ಯಾಯ ಮಾಡುತ್ತೇವೆ. ನಮ್ಮ ರಾಹುಲ್ ದ್ರಾವಿಡ್ ಅವರಷ್ಟು ಅಚ್ಚುಕಟ್ಟಿನ ಬ್ಯಾಟ್ಸ್‌ಮನ್ ವಿರಳ. ಆದರೂ ಅವರ 286 ಟೆಸ್ಟ್ ಇನಿಂಗ್ಸ್‌ಗಳಲ್ಲಿ ಶತಕ ಬಂದದ್ದು 36 ಸಲ ಮಾತ್ರ. 2008ರಲ್ಲಿ ಸಿಡ್ನಿಯಲ್ಲಿ 18 ರನ್ನಿನಲ್ಲೇ 40 ಎಸೆತ ಸಿಕ್ಕಿಹಾಕಿಕೊಂಡರು. ಕೊನೆಗೊಂದು ರನ್ ಬಂದಾಗ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಅವರು ಬ್ಯಾಟ್ ಎತ್ತಿ, ಆಟ ಮುಂದುವರಿಸಿ, ಅರ್ಧಶತಕ ದಾಟಿದರು.

ತಪ್ಪು ಕಲ್ಪನೆ: ನಾಲ್ಕು ಮಂದಿಯ ಎದುರು ಬೈದರೆ ಮಗು ಚುರುಕಾಗುತ್ತದೆ.

ವಾಸ್ತವ: ಬೈಗುಳ ಆ ಎರಡನೆಯ ಎಳೆಯನ್ನಷ್ಟೇ, ಅಂದರೆ ಜನ ಏನೆಂದಾರು ಎಂಬ ಕೊರಗನ್ನಷ್ಟೇ, ಬಿಗಿಯುತ್ತದೆ. ಔರಾದಿನ ಅಮರೇಶ್ವರ ಜಾತ್ರೆಯ ಕುಸ್ತಿ ನೋಡಿ ಬೆಳೆದವರಿಗೆ ಗೊತ್ತು: ಚಿತ್ ಆದ ಪೈಲ್ವಾನನಿಗೆ ಒಳ್ಳೆಯ ಉಸ್ತಾದರು ಅದೇ ಪಟ್ಟು ಮತ್ತೆ ಹಾಕಿ, ಬಿಡಿಸಿಕೊಳ್ಳುವ ದಾರಿ ತೋರಿಸುತ್ತಾರೆ. ಜಿಗಿತದಲ್ಲೂ ಅಷ್ಟೇ. ಕಾಲು ಗೆರೆಯಾಚೆ ನಾಲ್ಕು ಬೆರಳು ಹೋಗಿದ್ದರೆ, ಓಟ ಶುರುವಾಗುವ ಗುರುತನ್ನು ನಾಲ್ಕು ಬೆರಳು ಹಿಂದಕ್ಕಿಟ್ಟು, ಅದೇ ವೇಗದಲ್ಲಿ ಮತ್ತೆ ಓಡಿಸಬೇಕು.