ವಿಯೆಟ್ನಾಂ ಕೃಷಿ ವಹಿವಾಟು: ದರದಷ್ಟೇ ಕಾಗದಪತ್ರವೂ ಮುಖ್ಯ

ಕಾಳುಮೆಣಸು, ಕಾಫಿ, ಗೋಡಂಬಿ – ಈ ಮೂರರಲ್ಲಿ ಯಾವುದಾದರೊಂದು ಸರಕಿನ ವ್ಯವಹಾರ ಮಾಡುವ ನಮ್ಮ ಸದಸ್ಯರಿಗೆ ವಿಯೆಟ್ನಾಂ ಅಪರಿಚಿತ ದೇಶವಲ್ಲ. ಅಲ್ಲಿನ ದರ ಏರಿದರೆ ಇಲ್ಲಿ ಮಾರುವವರಿಗೆ ಸಂತೋಷ, ಇಳಿದರೆ ಆತಂಕ. ಆದರೆ ಆ ದರದ ಹಿಂದಿರುವ ಕರಾರು, ಪರವಾನಗಿ, ಪ್ರಮಾಣಪತ್ರಗಳ ವ್ಯವಸ್ಥೆಯ ಕಡೆಗೆ ನಮ್ಮ ಗಮನ ಹರಿದಿರುವುದು ಕಡಿಮೆ. ಕಳೆದ ಕೆಲವು ವರ್ಷಗಳಲ್ಲಿ ಅಲ್ಲಿನ ವ್ಯಾಪಾರಿಗಳು ಗಳಿಸಿದ್ದೂ ಕಳೆದುಕೊಂಡದ್ದೂ ಬಹುಪಾಲು ಈ ಕಾಗದಗಳಿಂದಲೇ.

2024ರಲ್ಲಿ ವಿಯೆಟ್ನಾಂನ ಕೃಷಿ, ಅರಣ್ಯ ಮತ್ತು ಮೀನುಗಾರಿಕೆ ಉತ್ಪನ್ನಗಳ ರಫ್ತು 6,200 ಕೋಟಿ ಡಾಲರುಗಳನ್ನು ದಾಟಿ, ಅಲ್ಲಿಯವರೆಗಿನ ದಾಖಲೆಯಾಯಿತು. ಈ ಮೊತ್ತದ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಮರದ ಸಾಮಗ್ರಿ ಮತ್ತು ಸಿಗಡಿ, ಮೀನುಗಳದ್ದು. ಆದ್ದರಿಂದ ಇದನ್ನೆಲ್ಲ ಹೊಲದ ಬೆಳೆಯೆಂದು ಭಾವಿಸಬಾರದು. ಹಾಗಿದ್ದರೂ 1980ರ ದಶಕದಲ್ಲಿ ಅಕ್ಕಿಯನ್ನು ಹೊರಗಿನಿಂದ ತರಿಸುತ್ತಿದ್ದ ದೇಶ ಇಷ್ಟು ದೂರ ಬಂದಿರುವುದು ಸಾಮಾನ್ಯ ಸಂಗತಿಯಲ್ಲ.

ಈ ಬದಲಾವಣೆಯ ಮೂಲವೂ ಒಂದು ಕಾಗದವೇ. 1986ರಲ್ಲಿ ಆರಂಭವಾದ ‘ಡೊಯ್ ಮೊಯ್’ ಎಂಬ ಸುಧಾರಣಾ ನೀತಿಯ ಮುಂದುವರಿಕೆಯಾಗಿ 1988ರಲ್ಲಿ ಸಾಮೂಹಿಕ ಬೇಸಾಯದ ಬದಲು ಕುಟುಂಬವಾರು ಗುತ್ತಿಗೆ ಜಾರಿಗೆ ಬಂದಿತು. 1993ರ ಭೂಕಾಯಿದೆಯು ರೈತನಿಗೆ ದೀರ್ಘಾವಧಿಯ ಬಳಕೆಯ ಹಕ್ಕನ್ನು ನೀಡಿತು. ಭೂಮಿಯ ಒಡೆತನ ಇಂದಿಗೂ ಸಮಸ್ತ ಜನತೆಯದೆಂದೇ ಅಲ್ಲಿನ ಕಾನೂನು ಹೇಳುತ್ತದೆ. ಆದರೆ ಬಳಕೆಯ ಹಕ್ಕನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು, ಮುಖ್ಯವಾಗಿ ಬ್ಯಾಂಕಿನಲ್ಲಿ ಒತ್ತೆಯಿಡಬಹುದು. ‘ಕೆಂಪು ಪುಸ್ತಕ’ವೆಂದು ಕರೆಯಲಾಗುವ ಈ ಪ್ರಮಾಣಪತ್ರದ ಆಧಾರದ ಮೇಲೆ ಸಾಲ ಸಿಕ್ಕಿದ್ದರಿಂದಲೇ ಮಧ್ಯದ ಎತ್ತರ ಪ್ರದೇಶದ ಡಾಕ್ ಲಾಕ್, ಜಿಯಾ ಲಾಯ್ ಪ್ರಾಂತ್ಯಗಳ ಸಣ್ಣ ಹಿಡುವಳಿದಾರರು ಕಾಫಿ, ಮೆಣಸಿಗೆ ಬಂಡವಾಳ ಹೂಡಲು ಸಾಧ್ಯವಾಯಿತು. ದರ ಕುಸಿದಾಗ ಅದೇ ಪುಸ್ತಕ ಬ್ಯಾಂಕಿನಲ್ಲೇ ಉಳಿಯಿತೆಂಬುದೂ ನಿಜ.

ಕಾಫಿ: ದರ ಏರಿದಾಗ ಬಂದ ನಷ್ಟ

2023ರಲ್ಲಿ ವಿಯೆಟ್ನಾಂ ಸುಮಾರು 16 ಲಕ್ಷ ಟನ್ ಕಾಫಿಯನ್ನು ರಫ್ತು ಮಾಡಿ 420 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿತು. ಮರುವರ್ಷ ಪ್ರಮಾಣವು ಸುಮಾರು 13 ಲಕ್ಷ ಟನ್ನಿಗೆ ಇಳಿಯಿತು. ಗಳಿಕೆ ಮಾತ್ರ 540 ಕೋಟಿ ಡಾಲರ್ ಮೀರಿತು. ಬರಗಾಲ ಇದಕ್ಕೊಂದು ಕಾರಣ. ದರ ಕಡಿಮೆಯಿದ್ದ ವರ್ಷಗಳಲ್ಲಿ ಅನೇಕ ರೈತರು ಕಾಫಿ ಗಿಡ ಕಿತ್ತು ಡ್ಯೂರಿಯನ್ ಹಣ್ಣಿನ ಕಡೆಗೆ ತಿರುಗಿದ್ದು ಇನ್ನೊಂದು. 2023ರ ಆರಂಭದಲ್ಲಿ ಡಾಕ್ ಲಾಕ್‌ನಲ್ಲಿ ಕಿಲೋಗೆ ಸುಮಾರು 40,000 ಡಾಂಗ್ ಇದ್ದ ರೊಬಸ್ಟಾ ದರ 2024ರ ಏಪ್ರಿಲ್ ವೇಳೆಗೆ 1,30,000 ಡಾಂಗ್ ಮುಟ್ಟಿತು.

ಮೇಲ್ನೋಟಕ್ಕೆ ಎಲ್ಲರಿಗೂ ಲಾಭವೇ. ಆದರೆ ಅನೇಕ ರಫ್ತುದಾರರು ಕೈಸುಟ್ಟುಕೊಂಡರು. ವಿದೇಶಿ ಖರೀದಿದಾರರಿಗೆ ತಿಂಗಳುಗಳ ಮೊದಲೇ ನಿಗದಿತ ದರಕ್ಕೆ ಮಾಲು ಕೊಡುವುದಾಗಿ ಅವರು ಒಪ್ಪಿದ್ದರು. ಊರಿನ ಮಧ್ಯವರ್ತಿಗಳು ಅವರಿಗೆ ಪೂರೈಸುವುದಾಗಿ ಒಪ್ಪಿದ್ದರು. ದರ ದ್ವಿಗುಣವಾದಾಗ ರೈತನು ಮಾಲನ್ನು ಮನೆಯಲ್ಲೇ ಇಟ್ಟುಕೊಂಡ, ಮಧ್ಯವರ್ತಿ ಕೈಚೆಲ್ಲಿದ, ರಫ್ತುದಾರ ನಡುವೆ ಸಿಕ್ಕಿಬಿದ್ದ.

ಲೆಕ್ಕಕ್ಕೆ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕಿಲೋಗೆ 60,000 ಡಾಂಗ್‌ನಂತೆ 100 ಟನ್ ಪೂರೈಸಬೇಕಾದ ಮಧ್ಯವರ್ತಿ ಮಾತಿಗೆ ತಪ್ಪಿದ. ಅಂದಿನ ಪೇಟೆ ದರ 1,00,000 ಡಾಂಗ್. ರಫ್ತುದಾರನಿಗೆ ಕಿಲೋಗೆ 40,000 ಡಾಂಗ್, ಒಟ್ಟು 400 ಕೋಟಿ ಡಾಂಗ್ ನಷ್ಟ. ಡಾಲರಿಗೆ 25,000 ಡಾಂಗ್ ಎಂದರೆ 1,60,000 ಡಾಲರ್. ಸಣ್ಣ ಸಂಸ್ಥೆಯೊಂದರ ಹಲವು ವರ್ಷಗಳ ಲಾಭ ಒಂದೇ ಕರಾರಿನಲ್ಲಿ ಹೋದಂತೆ. ಲಂಡನ್ ವಾಯಿದಾ ಪೇಟೆಯಲ್ಲಿ ಮಾರಾಟ ಮಾಡಿ ದರದ ಅಪಾಯದಿಂದ ರಕ್ಷಣೆ ಪಡೆದವರಿಗೂ ಬೇರೊಂದು ಸಂಕಟ: ದರ ಏರಿದಂತೆಲ್ಲ ಪ್ರತಿದಿನ ಮಾರ್ಜಿನ್ ಹಣ ಕಟ್ಟಬೇಕು. ಗೋದಾಮಿನಲ್ಲಿ ಮಾಲಿದೆ, ಪುಸ್ತಕದಲ್ಲಿ ಲಾಭವಿದೆ, ಬ್ಯಾಂಕ್ ಖಾತೆಯಲ್ಲಿ ಹಣವಿಲ್ಲ. ಇಂಥ ಸ್ಥಿತಿಯಲ್ಲಿ ಲಾಭ-ನಷ್ಟದ ಪಟ್ಟಿ ನೋಡಿ ಸಮಾಧಾನಪಡುವ ವ್ಯಾಪಾರಿಗೆ ಯಾವ ಲೆಕ್ಕಪರಿಶೋಧಕನೂ ನೆರವಾಗಲಾರ.

ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿಯೂ ಮಾತಿನ ಮೇಲೆ ನಡೆಯುವ ವ್ಯವಹಾರ ಇನ್ನೂ ಸಾಕಷ್ಟಿದೆ. ಅದರಲ್ಲಿ ವಿಶ್ವಾಸವಿದೆ, ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ದರ ಮೂರು ಪಟ್ಟು ಏರಿದಾಗ ಆ ವಿಶ್ವಾಸ ಎಷ್ಟು ಭಾರ ಹೊರಬಲ್ಲದು ಎಂಬುದನ್ನು ಡಾಕ್ ಲಾಕ್‌ನ ಅನುಭವ ತೋರಿಸಿದೆ. ಪೂರೈಕೆ ತಪ್ಪಿದರೆ ಪರಿಹಾರವೇನು, ಮುಂಗಡಕ್ಕೆ ಭದ್ರತೆಯೇನು ಎಂಬ ಎರಡು ಸಾಲು ಕರಾರಿನಲ್ಲಿ ಇದೆಯೇ ಎಂದು ನಮ್ಮವರು ಹುಡುಕುವುದು ಸಾಮಾನ್ಯವಾಗಿ ತಂಟೆ ಬಂದ ಮೇಲೆ.

ಅಕ್ಕಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. 2023ರ ಜುಲೈ 20ರಂದು ಭಾರತವು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ವಿಯೆಟ್ನಾಂ ಅಕ್ಕಿಯ ದರ ಟನ್ನಿಗೆ 600 ಡಾಲರ್ ಮೀರಿತು, 2024ರಲ್ಲಿ ಅದರ ರಫ್ತು ಸುಮಾರು 90 ಲಕ್ಷ ಟನ್ನಿಗೆ ಏರಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಭಾರತ ನಿಷೇಧ ಹಿಂತೆಗೆದುಕೊಂಡಿತು. 2025ರ ಆರಂಭದಲ್ಲಿ ಅಲ್ಲಿನ ದರ 400 ಡಾಲರಿಗಿಂತ ಕೆಳಗಿಳಿಯಿತು. ದೆಹಲಿಯ ಒಂದು ಅಧಿಸೂಚನೆ ಮೆಕಾಂಗ್ ನದೀಮುಖಜ ಭೂಮಿಯ ರೈತನ ಆದಾಯವನ್ನು ಎತ್ತಿತು, ಇನ್ನೊಂದು ಇಳಿಸಿತು.

ಡ್ಯೂರಿಯನ್ ಎಂಬ ಮುಳ್ಳುಹಣ್ಣಿನದೂ ಹೀಗೆಯೇ. 2022ರ ಜುಲೈನಲ್ಲಿ ಚೀನಾದೊಂದಿಗೆ ಒಪ್ಪಂದ ಪತ್ರಕ್ಕೆ ಸಹಿಯಾದ ಮೇಲೆ ಅಧಿಕೃತ ರಫ್ತು ಆರಂಭವಾಗಿ, 2024ರಲ್ಲಿ 300 ಕೋಟಿ ಡಾಲರ್ ದಾಟಿತು. ತೋಟಕ್ಕೂ ಪ್ಯಾಕಿಂಗ್ ಕೇಂದ್ರಕ್ಕೂ ಚೀನಾದ ಸುಂಕ ಇಲಾಖೆಯಲ್ಲಿ ನೋಂದಾಯಿಸಿದ ಸಂಖ್ಯೆ ಕಡ್ಡಾಯ. 2025ರ ಜನವರಿಯಲ್ಲಿ ಚೀನಾವು ಹಳದಿ ಬಣ್ಣದ ಒಂದು ಕೈಗಾರಿಕಾ ರಾಸಾಯನಿಕ ಮತ್ತು ಕ್ಯಾಡ್ಮಿಯಂ ಇಲ್ಲವೆಂಬ ಪರೀಕ್ಷಾ ವರದಿಯನ್ನು ಕೇಳಿದ ಕೂಡಲೇ ಕೆಲವು ತಿಂಗಳುಗಳ ಕಾಲ ಸಾಗಣೆ ತೀವ್ರವಾಗಿ ಕುಸಿಯಿತು. ಹಣ್ಣು ಕಾಯುವುದಿಲ್ಲವಲ್ಲ!

ಗೋಡಂಬಿ: ಲಕೋಟೆಯಲ್ಲಿ ನಕಲು ಪ್ರತಿ

ಗೋಡಂಬಿ ತಿರುಳಿನ ರಫ್ತಿನಲ್ಲಿ ವಿಯೆಟ್ನಾಂ 2006ರಲ್ಲಿ ಭಾರತವನ್ನು ಹಿಂದಿಕ್ಕಿತು. ಮಂಗಳೂರು ಭಾಗದ ಕಾರ್ಖಾನೆದಾರರಂತೆಯೇ ಅಲ್ಲಿಯವರೂ ಆಫ್ರಿಕಾದ ಕಚ್ಚಾ ಬೀಜವನ್ನು ಅವಲಂಬಿಸಿದ್ದಾರೆ, ಕಾಂಬೋಡಿಯದಿಂದಲೂ ತರಿಸುತ್ತಾರೆ. ನಮ್ಮ ರಫ್ತುದಾರರು ಅವರಿಂದ ತಿಳಿಯಬೇಕಾದ ಮುಖ್ಯ ಪಾಠವಿರುವುದು ಯಂತ್ರಗಳಲ್ಲಿ ಅಲ್ಲ, 2022ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣದಲ್ಲಿ.

ಮಧ್ಯಸ್ಥರೊಬ್ಬರ ಮೂಲಕ ಇಟಲಿಗೆ ಸುಮಾರು 100 ಕಂಟೇನರ್ ಗೋಡಂಬಿ ಮಾರಾಟವಾಯಿತು. ಪಾವತಿ ಡಿ.ಪಿ. ಪದ್ಧತಿಯಲ್ಲಿ, ಅಂದರೆ ಬಿಲ್ ಆಫ್ ಲೇಡಿಂಗ್ ಮೊದಲಾದ ಮೂಲ ದಾಖಲೆಗಳು ಖರೀದಿದಾರನ ಬ್ಯಾಂಕಿಗೆ ಹೋಗುತ್ತವೆ, ಹಣ ಕಟ್ಟಿದ ಮೇಲೆ ಬ್ಯಾಂಕು ಅವನಿಗೆ ಬಿಟ್ಟುಕೊಡುತ್ತದೆ. ಎಲ್.ಸಿ.ಯಲ್ಲಿರುವಂತೆ ಬ್ಯಾಂಕಿನ ಸ್ವಂತ ಹೊಣೆ ಇಲ್ಲಿ ಇರುವುದಿಲ್ಲ. ಖರ್ಚು ಕಡಿಮೆಯೆಂದು ಸಣ್ಣ ರಫ್ತುದಾರರಿಗೆ ಇದು ಪ್ರಿಯ. ಈ ಬಾರಿ ವಿದೇಶದ ಬ್ಯಾಂಕು ಲಕೋಟೆ ತೆರೆದಾಗ ಮೂಲ ದಾಖಲೆಯ ಜಾಗದಲ್ಲಿ ಇದ್ದದ್ದು ನಕಲು ಪ್ರತಿ. ಹತ್ತಾರು ಕಂಟೇನರುಗಳ ಮೂಲ ದಾಖಲೆಗಳು ಯಾರದೋ ಕೈಸೇರಿದ್ದವು. ಮೂಲ ಬಿಲ್ ಹಿಡಿದು ಬಂದವನಿಗೆ ಹಡಗು ಕಂಪನಿ ಮಾಲನ್ನು ಕೊಡಲೇಬೇಕು ಎಂಬುದು ವಾಚಕರಿಗೆ ತಿಳಿದೇ ಇದೆ. ಅಲ್ಲಿನ ಗೋಡಂಬಿ ಸಂಘವು ತಕ್ಷಣ ತನ್ನ ಸರ್ಕಾರ, ರಾಯಭಾರ ಕಚೇರಿ, ಹಡಗು ಕಂಪನಿಗಳ ಮೂಲಕ ಇಟಲಿಯ ಬಂದರುಗಳಲ್ಲಿ ಮಾಲನ್ನು ತಡೆಹಿಡಿಸಿತು. ಮುಂದಿನ ತಿಂಗಳುಗಳಲ್ಲಿ ಬಹುಪಾಲು ಕಂಟೇನರುಗಳು ಮರಳಿ ರಫ್ತುದಾರರ ವಶಕ್ಕೆ ಬಂದವು. 2023ರಲ್ಲಿ ದುಬೈಗೆ ಹೋದ ಮೆಣಸು, ದಾಲ್ಚಿನ್ನಿ, ಗೋಡಂಬಿ, ಚಕ್ರಮೊಗ್ಗುಗಳ ಐದು ಕಂಟೇನರುಗಳಲ್ಲಿಯೂ ಇದೇ ಡಿ.ಪಿ. ಪದ್ಧತಿ ರಫ್ತುದಾರರನ್ನು ವಂಚನೆಗೆ ಗುರಿಮಾಡಿತು. ಒಂದೊಂದು ಕಾರ್ಖಾನೆಯವರು ಪ್ರತ್ಯೇಕವಾಗಿ ಹೋರಾಡಿದ್ದರೆ ಇಟಲಿಯ ಮಾಲು ಮರಳಿ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ. ವಾಣಿಜ್ಯ ಸಂಘದ ಚಂದಾ ಹಣ ಯಾವುದಕ್ಕೆ ಎಂದು ಕೇಳುವ ಸದಸ್ಯರು ಇದನ್ನು ಗಮನಿಸಬಹುದು.

ಬಂಡವಾಳ ಹೂಡಿಕೆ

ವಿಯೆಟ್ನಾಂಗೆ ಹರಿದು ಬರುವ ವಿದೇಶಿ ಬಂಡವಾಳದಲ್ಲಿ ನೇರ ಕೃಷಿಯ ಪಾಲು ಅತ್ಯಲ್ಪ. ಬಂದಿರುವುದು ಬಹುತೇಕ ಸಂಸ್ಕರಣೆ ಮತ್ತು ಪಶು ಆಹಾರ ಉದ್ಯಮಕ್ಕೆ. 2021ರಲ್ಲಿ ಹಾಲೆಂಡಿನ ಡಿ ಹ್ಯೂಸ್ ಸಂಸ್ಥೆ ಅಲ್ಲಿನ ಮಸಾನ್ ಸಮೂಹದ ಪಶು ಆಹಾರ ವ್ಯವಹಾರವನ್ನು ಕೊಂಡಿತು. 2024ರಲ್ಲಿ ನೆಸ್ಲೆ ತನ್ನ ಕಾಫಿ ಕಾರ್ಖಾನೆಗೆ ಮತ್ತೆ 10 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಭಾರತದ ಸಿ.ಸಿ.ಎಲ್. ಪ್ರಾಡಕ್ಟ್ಸ್ ಡಾಕ್ ಲಾಕ್‌ನಲ್ಲಿ ಇನ್‌ಸ್ಟಂಟ್ ಕಾಫಿ ಘಟಕ ನಡೆಸುತ್ತಿದೆ.

ನಮಗೆ ಹೆಚ್ಚು ಹತ್ತಿರದ ನಿದರ್ಶನ ಟಾಟಾ ಕಾಫಿಯದು. ಬೆಂಗಳೂರಿನಲ್ಲಿ ಕಚೇರಿ, ಕೊಡಗಿನಲ್ಲಿ ತೋಟಗಳಿದ್ದ ಈ ಸಂಸ್ಥೆ 2019ರಲ್ಲಿ ಬಿನ್ ಡುಂಗ್ ಪ್ರಾಂತ್ಯದಲ್ಲಿ (ಅದೀಗ ಹೋ ಚಿ ಮಿನ್ಹ್ ನಗರದ ಭಾಗ) ವರ್ಷಕ್ಕೆ 5,000 ಟನ್ ಸಾಮರ್ಥ್ಯದ ಇನ್‌ಸ್ಟಂಟ್ ಕಾಫಿ ಘಟಕವನ್ನು ಆರಂಭಿಸಿತು. 2023ರಲ್ಲಿ ಸುಮಾರು 450 ಕೋಟಿ ರೂಪಾಯಿಗಳ ವಿಸ್ತರಣೆಗೆ ಒಪ್ಪಿಗೆ ನೀಡಿತು. 2024ರ ಜನವರಿಯಿಂದ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಕಾಫಿ ಬೆಳೆಯುವ ನಾಡಿನವರು ಅಲ್ಲಿಗೇಕೆ ಹೋಗಬೇಕು? ರೊಬಸ್ಟಾ ಹೇರಳವಾಗಿ ಕೈಗೆಟಕುವುದು ಒಂದು ಕಾರಣವಿರಬೇಕು. ಇನ್ನೊಂದು, 2020ರ ಆಗಸ್ಟ್ 1ರಂದು ಜಾರಿಯಾದ ಐರೋಪ್ಯ ಒಕ್ಕೂಟ–ವಿಯೆಟ್ನಾಂ ಮುಕ್ತ ವ್ಯಾಪಾರ ಒಪ್ಪಂದ. ಅದರಿಂದ ಸಂಸ್ಕರಿತ ಕಾಫಿಯ ಮೇಲೆ ಶೇ. 7.5ರಿಂದ 11.5ರವರೆಗೆ ಇದ್ದ ಸುಂಕ ಒಮ್ಮೆಗೇ ಶೂನ್ಯವಾಯಿತು. ಬಂಡವಾಳಕ್ಕೆ ಊರಿನ ಅಭಿಮಾನ ಇರುವುದಿಲ್ಲ. ಸುಂಕದ ಪಟ್ಟಿಯನ್ನು ಮಾತ್ರ ಅದು ಚೆನ್ನಾಗಿ ಓದುತ್ತದೆ.

ಮೆಣಸು ಮತ್ತು ಮೂಲದ ಪ್ರಮಾಣಪತ್ರ

2015ರ ಸುಮಾರಿಗೆ ಕಿಲೋಗೆ 2,00,000 ಡಾಂಗ್ ಇದ್ದ ಮೆಣಸಿನ ದರವನ್ನು ನಂಬಿ ವಿಯೆಟ್ನಾಂ ರೈತರು ಸಾಲಮಾಡಿ ಬಳ್ಳಿ ನೆಟ್ಟರು. ಸರ್ಕಾರದ ಯೋಜನೆ 50,000 ಹೆಕ್ಟೇರ್. ನೆಟ್ಟದ್ದು ಸುಮಾರು ಮೂರು ಪಟ್ಟು. 2020ರ ವೇಳೆಗೆ ದರ 40,000 ಡಾಂಗ್‌ಗಿಂತಲೂ ಕೆಳಗಿಳಿಯಿತು. ಬಳ್ಳಿಗಳು ಒಣಗಿದವು, ಸಾಲ ಉಳಿಯಿತು. ಆ ಅಗ್ಗದ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಕಡಿಮೆ ಸುಂಕಕ್ಕೆ ಒಳಬರುತ್ತಿದೆಯೆಂದು ಕೊಡಗು, ಸಕಲೇಶಪುರದ ಬೆಳೆಗಾರರು ದೂರಿದ್ದು ಆ ವರ್ಷಗಳಲ್ಲಿಯೇ. 2017ರ ಡಿಸೆಂಬರಿನಲ್ಲಿ ಕೇಂದ್ರವು ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು ನಿಗದಿಪಡಿಸಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ಬಳ್ಳಿ ಕಡಿಮೆಯಾದ ಪರಿಣಾಮ ನಂತರ ಕಾಣಿಸಿತು: 2024ರಲ್ಲಿ ವಿಯೆಟ್ನಾಂ ಸುಮಾರು 2.5 ಲಕ್ಷ ಟನ್ ಮೆಣಸು ರಫ್ತು ಮಾಡಿ, ಹಿಂದಿನ ವರ್ಷಕ್ಕಿಂತ ಕಡಿಮೆ ಮಾಲಿಗೆ ಹೆಚ್ಚು ಹಣ, ಸುಮಾರು 130 ಕೋಟಿ ಡಾಲರ್ ಪಡೆಯಿತು.

ಆಮದುದಾರ ಸದಸ್ಯರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮೆಣಸಿನ ಮೇಲಿನ ಸಾಮಾನ್ಯ ಸುಂಕ ಶೇ. 70. ಭಾರತ–ಆಸಿಯಾನ್ ಒಪ್ಪಂದದಡಿ ಶೇ. 50. ಈ ಶೇ. 20ರ ರಿಯಾಯಿತಿ ನಿಂತಿರುವುದು ಮೂಲದ ಪ್ರಮಾಣಪತ್ರದ ಮೇಲೆ. ವಿಯೆಟ್ನಾಂ ತಾನೇ ಬ್ರೆಜಿಲ್‌ನಿಂದ ಮೆಣಸನ್ನು ತರಿಸಿ, ಶುಚಿಗೊಳಿಸಿ ಮರುರಫ್ತು ಮಾಡುತ್ತದೆ. ಶುಚಿಗೊಳಿಸಿ ಚೀಲ ಬದಲಿಸಿದ ಮಾತ್ರಕ್ಕೆ ಬ್ರೆಜಿಲ್ ಮೆಣಸು ಆಸಿಯಾನ್ ಮೆಣಸಾಗದು. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಸುಂಕ ನಿಯಮಗಳ ಪ್ರಕಾರ ಪ್ರಮಾಣಪತ್ರ ತೋರಿಸಿದರೆ ಆಮದುದಾರನ ಹೊಣೆ ಮುಗಿಯುವುದಿಲ್ಲ. ಮಾಲು ಎಲ್ಲಿ ಬೆಳೆದದ್ದು, ಮೂಲದ ಮಾನದಂಡ ಹೇಗೆ ಪೂರೈಸಿದೆ ಎಂಬ ವಿವರವನ್ನು ನಿಗದಿತ ನಮೂನೆಯಲ್ಲಿ ಆಮದಿಗೆ ಮುನ್ನವೇ ತನ್ನ ಬಳಿ ಹೊಂದಿರಬೇಕು, ಅಧಿಕಾರಿ ಕೇಳಿದಾಗ ಹಾಜರುಪಡಿಸಬೇಕು. ವಿವರ ತೃಪ್ತಿಕರವಾಗಿಲ್ಲದಿದ್ದರೆ ರಿಯಾಯಿತಿಯನ್ನು ನಿರಾಕರಿಸಬಹುದು. ಮಾಲು ಮಾರಾಟವಾಗಿ ವರ್ಷಗಳ ನಂತರ ವ್ಯತ್ಯಾಸದ ಸುಂಕ ಬಡ್ಡಿಸಹಿತ ಬಂದರೆ ಅದನ್ನು ಗ್ರಾಹಕನಿಂದ ವಸೂಲು ಮಾಡಲಾಗದು. ಈ ದಾಖಲೆಗಳನ್ನು ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದಿಂದ ಕನಿಷ್ಠ ಐದು ವರ್ಷ ಕಾಯ್ದಿರಿಸಬೇಕು.