ಜ್ಞಾನಭಾರತಿ: ಕ್ಯಾರಿಬ್ಯಾಗ್ ಡಾಂಬರಿಗೆ ಬಿದ್ದ ಪ್ರಯೋಗಶಾಲೆ

ಒಂದು ಜೋರು ಮಳೆ ಸುರಿದ ಮರುದಿನ ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟಿನ ಸುತ್ತ ಎರಡು ಸಂಗತಿಗಳು ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಡಾಂಬರು ಕಿತ್ತು ಜಲ್ಲಿ ಮೇಲೆದ್ದ ಗುಂಡಿ ಒಂದು, ಮೋರಿಯ ಬಾಯಿಗೆ ಮೆತ್ತಿಕೊಂಡ ಪ್ಲಾಸ್ಟಿಕ್ ಚೀಲಗಳ ಮುದ್ದೆ ಇನ್ನೊಂದು. ಈ ಎರಡು ತಲೆನೋವಿಗೂ ಸೇರಿ ಒಂದೇ ಮದ್ದು ಇರಬಹುದೇ ಎಂದು ಎರಡು ದಶಕಗಳ ಹಿಂದೆಯೇ ಕೂತು ಲೆಕ್ಕ ಹಾಕಿದವರು ನಮ್ಮ ಊರಿನಲ್ಲೇ ಇದ್ದರು. ಆ ಕೆಲಸ ನಡೆದದ್ದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ.

ಅರೆಕೆರೆ, ಮೈಕೋ ಲೇಔಟ್ ಕಡೆಯವರು ಬನಶಂಕರಿಗೆ ಹೋಗಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿಯಬಹುದು. 1964ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯದ ಈ ಆವರಣ ಸಾವಿರ ಎಕರೆಗೂ ಮಿಕ್ಕಿದ್ದು. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಆರಂಭವಾಗಿ, ಮುಂದೆ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಎಂಜಿನಿಯರಿಂಗ್ ಕಾಲೇಜು ಎಂದರೆ ಎಲ್ಲರಿಗೂ ಕೆ.ಆರ್. ವೃತ್ತದ ಕಟ್ಟಡವೇ ನೆನಪಾಗುತ್ತದೆ. ಅದರ ಸಿವಿಲ್ ವಿಭಾಗ ಮಾತ್ರ ಇರುವುದು ಇಲ್ಲಿ, ಜ್ಞಾನಭಾರತಿಯಲ್ಲಿ.

ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅಹ್ಮದ್ ಖಾನ್, ರಸೂಲ್ ಖಾನ್ ಸಹೋದರರು ಬಳಸಿ ಎಸೆದ ಚೀಲಗಳನ್ನು ರಸ್ತೆಗೆ ಹಾಕುವ ಯೋಚನೆ ಹೊತ್ತು ಪ್ರಾಧ್ಯಾಪಕರನ್ನು ಹುಡುಕಿಕೊಂಡು ಹೋದರು. ಅದನ್ನು ಪರೀಕ್ಷೆಗೆ ಒಡ್ಡಿದವರು ವಿಶ್ವವಿದ್ಯಾಲಯದ ಸಾರಿಗೆ ಎಂಜಿನಿಯರಿಂಗ್ ಕೇಂದ್ರದ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್. ಖನ್ನಾ–ಜಸ್ಟೊ ಪಠ್ಯಪುಸ್ತಕ ತಿರುವಿ ಹಾಕದೆ ಈ ದೇಶದಲ್ಲಿ ಸಿವಿಲ್ ಎಂಜಿನಿಯರ್ ಆದವರು ಕಡಿಮೆ. ಆ ಜಸ್ಟೊ ಇವರೇ. ಚೀಲ ಮಾಡುವವರ ಮಾತಿಗೆ ಇಂಥ ವಿದ್ವಾಂಸರು ಕಿವಿಗೊಟ್ಟರಲ್ಲ, ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಗೌರವ ಮೂಡುವುದು ಅಲ್ಲಿಯೇ.

2002ರ ಅವರ ವರದಿಯ ಹಿಂದಿನ ಪ್ರಯೋಗ ಸರಳವಾದದ್ದು. ಸಂಸ್ಕರಿಸಿದ ಪ್ಲಾಸ್ಟಿಕ್ಕನ್ನು ಕಾದ ಡಾಂಬರಿಗೆ ಸೊನ್ನೆಯಿಂದ ಶೇ 12ರವರೆಗೆ ಬೇರೆಬೇರೆ ಪ್ರಮಾಣದಲ್ಲಿ ಹಾಕಿ, ಕೈಯಿಂದಲೇ ಚೆನ್ನಾಗಿ ಕಲಸಿ, ಪ್ರತಿಯೊಂದನ್ನೂ ಅಳೆದರು. ಡಾಂಬರು ಮೆತ್ತಗಾಗುವ ಉಷ್ಣತೆ ಶೇ 8ರವರೆಗೆ ಏರುತ್ತಾ ಹೋಯಿತು. ನಂತರದ್ದು ಮಾರ್ಷಲ್ ಪರೀಕ್ಷೆ, ಹೆದ್ದಾರಿ ಎಂಜಿನಿಯರಿಂಗ್‌ನ ಎಂ.ಟೆಕ್. ವಿದ್ಯಾರ್ಥಿಗಳೆಲ್ಲರ ಕೈ ಪಳಗುವ ಕೆಲಸ. ಬಿಸಿ ಜಲ್ಲಿ–ಡಾಂಬರಿನ ಮಿಶ್ರಣವನ್ನು ನಾಲ್ಕು ಅಂಗುಲ ಅಗಲದ ಉಕ್ಕಿನ ಅಚ್ಚಿಗೆ ತುಂಬಿ, ನಾಲ್ಕೂವರೆ ಕಿಲೊ ತೂಕದ ಸುತ್ತಿಗೆ ಎತ್ತಿ ಬಿಟ್ಟು ಒಂದೊಂದು ಬದಿಗೂ 75 ಪೆಟ್ಟು ಕೊಡುತ್ತಾರೆ. ತಣಿದ ಬಿಲ್ಲೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ತೆಗೆದ ಕೂಡಲೇ ಯಂತ್ರದ ದವಡೆಗೆ ಕೊಟ್ಟು ಒತ್ತುತ್ತಾರೆ. ಎಷ್ಟು ಭಾರಕ್ಕೆ ಬಿಲ್ಲೆ ಸೋತಿತು, ಸೋಲುವ ಮುನ್ನ ಎಷ್ಟು ಬಾಗಿತು ಎಂಬ ಎರಡು ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ನಡುಬೇಸಿಗೆಯಲ್ಲಿ ಕಾದ ರಸ್ತೆಯ ಮೇಲೆ ಲಾರಿ ನಿಂತಾಗ ಏನಾಗುತ್ತದೆಂಬ ಅಂದಾಜು ಇದರಿಂದ ಸಿಗುತ್ತದೆ.

ಡಾಂಬರಿನ ತೂಕದ ಶೇ 8ರಷ್ಟು ಪ್ಲಾಸ್ಟಿಕ್ ಸೇರಿದಾಗ ಮಿಶ್ರಣದ ಬಲವೂ ಬಾಳಿಕೆಯೂ ಗಣನೀಯವಾಗಿ ಹೆಚ್ಚುತ್ತವೆ, ಜೊತೆಗೆ ಒಂದು ಘನ ಮೀಟರ್ ಮಿಶ್ರಣಕ್ಕೆ ಸುಮಾರು 9.6 ಕಿಲೊ ಡಾಂಬರು ಉಳಿಯುತ್ತದೆ ಎಂದಿತು ವರದಿ.

ಕ್ಯಾರಿಬ್ಯಾಗಿನ ಪಾಲಿಥೀನ್ ಎಂದರೆ ಇಂಗಾಲದ ಸಾವಿರಾರು ಪರಮಾಣುಗಳು ಸಾಲಾಗಿ ಕೈಹಿಡಿದ ಸರಪಳಿ. ಬಿಸಿಲಿಗೆ ಹರಿಯಲು ಹೊರಟ ಡಾಂಬರನ್ನು ಈ ಉದ್ದನೆಯ ಸರಪಳಿಗಳು ಹಿಡಿದು ನಿಲ್ಲಿಸುತ್ತವೆ. ತೊಡಕೂ ಇಲ್ಲಿಯೇ ಇದೆ. ಪಾಲಿಥೀನ್ ಡಾಂಬರಿನಲ್ಲಿ ಪೂರ್ತಿ ಕರಗುವುದಿಲ್ಲ. ಕಲಕುವುದನ್ನು ನಿಲ್ಲಿಸಿದರೆ, ಹಗುರವಾದ್ದರಿಂದ ಬೇರ್ಪಟ್ಟು ಮೇಲೆ ತೇಲುತ್ತದೆ. ಆದ್ದರಿಂದ ಹಾಟ್ ಮಿಕ್ಸ್ ಘಟಕಗಳಲ್ಲಿ ಚೂರು ಮಾಡಿದ ಪ್ಲಾಸ್ಟಿಕ್ಕನ್ನು ಮೊದಲು 160–170 ಡಿಗ್ರಿಗೆ ಕಾದ ಜಲ್ಲಿಯ ಮೇಲೆ ಉದುರಿಸುತ್ತಾರೆ. ಅದು ಕರಗಿ ಕಲ್ಲಿಗೆ ತೆಳುವಾಗಿ ಹತ್ತಿಕೊಂಡ ಮೇಲೆ ಡಾಂಬರು ಬೀಳುತ್ತದೆ. ನೀರು ಒಳನುಗ್ಗಿ ಡಾಂಬರನ್ನು ಕಲ್ಲಿನಿಂದ ಬಿಡಿಸುವುದರಿಂದಲೇ ಮಳೆಗಾಲದಲ್ಲಿ ರಸ್ತೆ ಕೀಳುವುದು. ಕಲ್ಲಿಗೇ ಲೇಪ ಬಿದ್ದರೆ ಆ ದಾರಿ ಮುಚ್ಚುತ್ತದೆ. ಪಿವಿಸಿಯ ಒಂದು ಚೂರೂ ಇದರಲ್ಲಿ ಸೇರಬಾರದು. ಕಾಯಿಸಿದಾಗ ಅದು ಬಿಡುವ ಅನಿಲ ವಿಷ. ಹೀಗಾಗಿ ಒಳ್ಳೆಯ ರಸ್ತೆಯ ಕೆಲಸ ಒಣಕಸ ಬೇರ್ಪಡಿಸುವ ಕೈಗಳಿಂದಲೇ ಶುರುವಾಗುತ್ತದೆ.

ಜಲ್ಲಿಗೆ ಲೇಪ ಕೊಡುವ ಈ ವಿಧಾನವನ್ನು ಮಧುರೈಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬೆಳೆಸಿದ ರಸಾಯನಶಾಸ್ತ್ರಜ್ಞ ಆರ್. ವಾಸುದೇವನ್ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಮಾರ್ಗಸೂಚಿ ಹೊರಡಿಸಿತು. 2015ರಲ್ಲಿ ಕೇಂದ್ರ ಸರ್ಕಾರ ದೊಡ್ಡ ನಗರಗಳ ಸುತ್ತಲಿನ ಡಾಂಬರು ರಸ್ತೆಗಳಿಗೆ ಪ್ಲಾಸ್ಟಿಕ್ ಬಳಕೆ ಕಡ್ಡಾಯ ಎಂದಿತು. ಬೆಂಗಳೂರಿನಲ್ಲಿ ಖಾನ್ ಸಹೋದರರು ಇಂಥ ರಸ್ತೆಗಳನ್ನು ಆ ಹೊತ್ತಿಗಾಗಲೇ ಹಾಕಿಯಾಗಿತ್ತು.

ಆದರೆ ಬಿಲ್ಲೆಯ ಅಂಕಿಯೇ ರಸ್ತೆಯ ಆಯುಸ್ಸಲ್ಲ. ನಮ್ಮಲ್ಲಿ ಹೊಸ ರಸ್ತೆಯ ಮೈ ಆರುವ ಮುನ್ನವೇ ಕೇಬಲ್ಲಿಗೋ ಒಳಚರಂಡಿಗೋ ಅಗೆತ ಬೀಳುತ್ತದೆ, ಅಲ್ಲಿಗೆ ಎಷ್ಟು ಒಳ್ಳೆಯ ಮಿಶ್ರಣವಾದರೂ ವ್ಯರ್ಥ. ಟೈರು ಉಜ್ಜಿ ಸವೆದ ಪ್ಲಾಸ್ಟಿಕ್ಕಿನ ಕಣ ಮಳೆನೀರಿನೊಂದಿಗೆ ಅರೆಕೆರೆ, ಹುಳಿಮಾವು ಕೆರೆಗಳ ಕಡೆ ಎಷ್ಟು ಹರಿಯುತ್ತದೆ ಎಂಬುದನ್ನೂ ಅಳೆಯಲೇಬೇಕು. ಪಾಲಿಮರ್ ಓದಿದವರು, ರಸ್ತೆ ಓದಿದವರು, ನೀರು ಓದಿದವರು ಒಂದೇ ಮೇಜಿಗೆ ಬರಬೇಕಾದ ಕೆಲಸ ಇದು. ಒಂದು ಎಂ.ಟೆಕ್. ಪ್ರಬಂಧದ ಅವಧಿಯಲ್ಲಿ ಮುಗಿಯುವಂಥದ್ದಲ್ಲ, ಪಿಎಚ್.ಡಿ. ಮಟ್ಟದ್ದು.

ನಗರಪಾಲಿಕೆಯ ಎಂಜಿನಿಯರುಗಳಲ್ಲಿ ಒಂದು ವಿನಂತಿ. ಪ್ಲಾಸ್ಟಿಕ್ ಬೆರೆಸಿ ಹಾಕಿದ ಪ್ರತಿ ರಸ್ತೆಯ ಹೆಸರು, ಹಾಕಿದ ತಾರೀಖು, ಬೆರೆಸಿದ ಪ್ರಮಾಣವನ್ನು ಬಹಿರಂಗವಾಗಿ ದಾಖಲಿಸಿ. ಪ್ರತಿ ಮಳೆಗಾಲ ಮುಗಿದ ಮೇಲೆ ಆ ರಸ್ತೆಗಳಿಂದ ಒಂದೊಂದು ಬಿಲ್ಲೆ ಕೊರೆದು ಜ್ಞಾನಭಾರತಿಯ ವಿದ್ಯಾರ್ಥಿಗಳ ಕೈಗೆ ಕೊಡಿ. ಮೊದಲ ಬಿಲ್ಲೆ ಅರೆಕೆರೆಯದ್ದೇ ಆಗಲಿ.